ಹೊಣೆ ವೈದ್ಯರದು, ಹಿಡಿತ ಯಾರದು?

2020ರ ಸೆಪ್ಟೆಂಬರ್ 15ರಿಂದ ಕರ್ನಾಟಕದ ಸರ್ಕಾರಿ ವೈದ್ಯರು ಅಪರೂಪದ ಮುಷ್ಕರವೊಂದನ್ನು ಹೂಡಿದರು. ಒಪಿಡಿಗೆ ಬೀಗ ಹಾಕಲಿಲ್ಲ, ಕೋವಿಡ್ ವಾರ್ಡ್ ಬಿಟ್ಟು ಹೊರಬರಲಿಲ್ಲ. ರೋಗಿಗಳನ್ನು ನೋಡುತ್ತಲೇ ಇದ್ದು, ಮೇಲಿನವರಿಗೆ ವರದಿ ಕಳಿಸುವುದನ್ನು ನಿಲ್ಲಿಸಿದರು. ಬೇಡಿಕೆ ಇದ್ದದ್ದು ವೇತನ ಪರಿಷ್ಕರಣೆಯದು. ತಿಂಗಳುಗಟ್ಟಲೆ ಕೇಳಿದರೂ ಅಲುಗದ ಕಡತ ಕೆಲವೇ ದಿನಗಳಲ್ಲಿ ಅಲುಗಿತು, ಸರ್ಕಾರ ಮಾತುಕತೆಗೆ ಕರೆಯಿತು. ವೈದ್ಯರ ಕೆಲಸದಲ್ಲಿ ಆಡಳಿತದ ಕಣ್ಣಿಗೆ ಬೀಳುವುದು ಯಾವುದು ಎಂಬುದನ್ನು ಆ ಮುಷ್ಕರ ಹೂಡಿದವರು ಸರಿಯಾಗಿ ಗ್ರಹಿಸಿದ್ದರು.

ಅದಕ್ಕೂ ಸುಮಾರು ಒಂದು ತಿಂಗಳು ಮೊದಲು, ಆಗಸ್ಟ್ 20ರಂದು, ನಂಜನಗೂಡು ತಾಲ್ಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಕೋವಿಡ್ ಪರೀಕ್ಷೆಗಳ ಗುರಿ ಮುಟ್ಟಿಸಬೇಕೆಂಬ ಒತ್ತಡವೇ ಇದಕ್ಕೆ ಕಾರಣವೆಂದು ವೈದ್ಯರ ಸಂಘಟನೆಗಳು ಆರೋಪಿಸಿ ಬೀದಿಗಿಳಿದವು. ಯಾವ ಆತ್ಮಹತ್ಯೆಗೂ ಒಂದೇ ಕಾರಣವನ್ನು ಅಂಟಿಸಿ ಕೈತೊಳೆದುಕೊಳ್ಳಲಾಗದು. ಆದರೂ ಆ ದಿನಗಳಲ್ಲಿ ರಾಜ್ಯದ ಎಷ್ಟೋ ವೈದ್ಯಾಧಿಕಾರಿಗಳು ಆ ಸುದ್ದಿಯಲ್ಲಿ ತಮ್ಮದೇ ದಿನಚರಿಯನ್ನು ಕಂಡರೆಂಬುದು ಸುಳ್ಳಲ್ಲ.

ಆರೋಗ್ಯ ನೀತಿ ಬದಲಾದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: ಇದರಿಂದ ರೋಗಿಗೆ ಏನು ಸಿಕ್ಕಿತು? ಕೇಳಲೇಬೇಕಾದ ಪ್ರಶ್ನೆ ಅದು. ಅದರ ಬೆನ್ನಿಗೇ ಇನ್ನೊಂದನ್ನೂ ಕೇಳಬೇಕು: ಇದನ್ನು ಜಾರಿಗೆ ತರುವ ವೈದ್ಯರ ಮೇಲೆ ಏನು ಬಿತ್ತು? ಕಳೆದ ಎರಡು ದಶಕಗಳ ಭಾರತದ, ಅದರಲ್ಲೂ ಕರ್ನಾಟಕದ ಅನುಭವವನ್ನು ಹರವಿ ನೋಡಿದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಕೆಲಸ ಹೆಚ್ಚಾದಾಗ ವೈದ್ಯರು ದಣಿಯುತ್ತಾರೆ. ಹೊಣೆ ಹೆಚ್ಚಾಗಿ ಹಿಡಿತ ಕಡಿಮೆಯಾದಾಗ ಕುಸಿಯುತ್ತಾರೆ. ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲಿ ಮುಂದಿಟ್ಟ ಸಿದ್ಧಾಂತದ ತಿರುಳೂ ಇದೇ. ಬೇಡಿಕೆ ದೊಡ್ಡದಾಗಿ, ಅದನ್ನು ನಿಭಾಯಿಸುವ ಸ್ವಾತಂತ್ರ್ಯ ಚಿಕ್ಕದಾದ ಕೆಲಸವೇ ಮನಸ್ಸನ್ನು ಹೆಚ್ಚು ಹಿಂಡುತ್ತದೆ.

ಅಳತೆಗೋಲಿನ ತಕರಾರು

ಮೊದಲು ಅಂಕಿ ಅಂಶಗಳನ್ನು ನೋಡೋಣ. ‘ಬರ್ನ್‌ಔಟ್’ ಎಂಬ ಸ್ಥಿತಿಯನ್ನು 1974ರಲ್ಲಿ ವಿವರಿಸಿದವರು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸಂಗಡಿಗರು ಅದಕ್ಕೊಂದು ಪ್ರಶ್ನಾವಳಿ ರೂಪಿಸಿದರು. ಭಾವನೆಗಳು ಬತ್ತಿಹೋಗುವುದು, ಎದುರಿರುವ ವ್ಯಕ್ತಿ ಬರೀ ‘ಕೇಸ್’ ಆಗಿ ಕಾಣತೊಡಗುವುದು, ಮಾಡಿದ ಕೆಲಸದಲ್ಲಿ ಸಾರ್ಥಕತೆ ಸಿಗದಿರುವುದು ಇವು ಅದರ ಮೂರು ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆಯೆಂದು ವರ್ಗೀಕರಿಸದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ಗುರುತಿಸಿತು. ತೊಂದರೆ ಕೆಲಸದ ಜಾಗದಲ್ಲಿದೆ ಎಂದು ಒಪ್ಪಿಕೊಂಡಂತಾಯಿತು.

ಆದರೆ ಸಂಖ್ಯೆಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 2018ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯೊಂದು ವೈದ್ಯರ ಬರ್ನ್‌ಔಟ್ ಕುರಿತ 182 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಸಿಕ್ಕ ಉತ್ತರ ಸೊನ್ನೆಯಿಂದ ಹಿಡಿದು ಶೇ 80.5ರವರೆಗೆ ಹರಡಿತ್ತು! ಒಬ್ಬೊಬ್ಬರದು ಒಂದೊಂದು ವ್ಯಾಖ್ಯಾನ. ‘ಅರ್ಧದಷ್ಟು ವೈದ್ಯರು ಬಳಲಿ ಬೆಂಡಾಗಿದ್ದಾರೆ’ ಎಂಬಂಥ ತಲೆಬರಹಗಳನ್ನು ಓದುವಾಗ ಇದು ನೆನಪಿರಬೇಕು. ಖಿನ್ನತೆಯ ವಿಷಯದಲ್ಲಿ ನೆಲ ಸ್ವಲ್ಪ ಗಟ್ಟಿ. 2015ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ವಿಶ್ಲೇಷಣೆ 54 ಅಧ್ಯಯನಗಳ ಹದಿನೇಳು ಸಾವಿರಕ್ಕೂ ಹೆಚ್ಚು ತರಬೇತಿ ವೈದ್ಯರ ಮಾಹಿತಿಯನ್ನು ಜಾಲಾಡಿ, ಶೇ 28.8 ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳಿವೆ ಎಂದಿತು.

ಭಾರತದ ಮಟ್ಟಿಗೆ ದೊಡ್ಡ ದಾಖಲೆಯೆಂದರೆ 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಕಾರ್ಯಪಡೆ ಕೊಟ್ಟ ವರದಿ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ್ ಅದರ ಅಧ್ಯಕ್ಷರು. ಆನ್‌ಲೈನ್ ಸಮೀಕ್ಷೆಗೆ 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು 7,035 ಬೋಧಕರು ಉತ್ತರಿಸಿದರು. ಎಂಬಿಬಿಎಸ್‌ನವರಲ್ಲಿ ಶೇ 27.8, ಪಿಜಿಗಳಲ್ಲಿ ಶೇ 15.3 ಮಂದಿ ತಮಗೆ ಮಾನಸಿಕ ಸಮಸ್ಯೆ ಪತ್ತೆಯಾಗಿದೆ ಎಂದರು. ಆತ್ಮಹತ್ಯೆಯ ಯೋಚನೆ ಬಂದದ್ದುಂಟು ಎಂದವರು ಎಂಬಿಬಿಎಸ್‌ನಲ್ಲಿ ಶೇ 16.2, ಪಿಜಿಗಳಲ್ಲಿ ಶೇ 31.2. ತಾವಾಗಿ ಮುಂದೆ ಬಂದವರು ಮಾತ್ರ ಉತ್ತರಿಸುವ ಇಂಥ ಸಮೀಕ್ಷೆಯಲ್ಲಿ ನೊಂದವರ ಪಾಲು ತುಸು ಹೆಚ್ಚೇ ಇರಬಹುದು. ಆದರೆ ಒಂದು ತಿರುವು ಗಮನಾರ್ಹ. ಕಾಯಿಲೆಯೆಂದು ಪತ್ತೆಯಾದವರು ಪಿಜಿಗಳಲ್ಲಿ ಕಡಿಮೆ, ಸಾಯುವ ಯೋಚನೆ ಬಂದವರು ಹೆಚ್ಚು. ಓದುವ ಹಂತ ದಾಟಿ ದುಡಿಯುವ ಹಂತಕ್ಕೆ ಬರುವಷ್ಟರಲ್ಲಿ ಸಂಕಟ ಹೆಚ್ಚಿ, ವೈದ್ಯರ ಬಳಿ ತೋರಿಸಿಕೊಳ್ಳಲು ಬಿಡುವಾಗಲೀ ಧೈರ್ಯವಾಗಲೀ ಕಡಿಮೆಯಾಗುತ್ತದೇನೋ.

ಕಾಗದದ ಮೇಲಿನ 48 ಗಂಟೆ

ಪಿಜಿಗಳ ಬದುಕನ್ನು ಬಲ್ಲವರಿಗೆ ಇದು ಆಶ್ಚರ್ಯ ತರುವುದಿಲ್ಲ. ಬೆಳಗಿನ ರೌಂಡ್ಸ್, ಒಪಿಡಿ, ಸಂಜೆ ಹೊಸ ಅಡ್ಮಿಷನ್‌ಗಳು, ರಾತ್ರಿಯಿಡೀ ಕ್ಯಾಶುವಾಲ್ಟಿ, ಮರುದಿನ ಮತ್ತೆ ಅದೇ ರೌಂಡ್ಸ್. ‘ಪೋಸ್ಟ್ ಡ್ಯೂಟಿ’ ಎಂದು ಹೆಸರಿಗಿರುವ ಬಿಡುವು ಬಾಕಿ ಕೇಸ್ ಶೀಟ್ ಬರೆಯುವುದರಲ್ಲೇ ಮುಗಿಯುತ್ತದೆ. ಮೂವತ್ತಾರು ಗಂಟೆ ನಿದ್ದೆಗೆಟ್ಟಿದ್ದನ್ನು ಹಿರಿಯರು ‘ನಮ್ಮ ಕಾಲದಲ್ಲಿ ಇನ್ನೂ ಕಷ್ಟ ಇತ್ತು’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ.

ನಿಯಮ ಇಲ್ಲವೆಂದಲ್ಲ. 1992ರ ಜೂನ್ 5ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ರೆಸಿಡೆನ್ಸಿ ನಿರ್ದೇಶನದ ಪ್ರಕಾರ ನಿರಂತರ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರುವಂತಿಲ್ಲ. ಮೂವತ್ತೆರಡು ವರ್ಷಗಳ ನಂತರ ಎನ್‌ಎಂಸಿ ಕಾರ್ಯಪಡೆ ಶಿಫಾರಸು ಮಾಡಿದ್ದು ವಾರಕ್ಕೆ ಗರಿಷ್ಠ 74 ಗಂಟೆ, ಒಂದು ದಿನ ರಜೆ, ದಿನಕ್ಕೆ ಏಳೆಂಟು ಗಂಟೆ ನಿದ್ದೆ. ಹಳೆಯ ನಿಯಮಕ್ಕಿಂತ 26 ಗಂಟೆ ಹೆಚ್ಚಿರುವ ಈ ಸಲಹೆಯೇ ಪಿಜಿಗಳಿಗೆ ದೊಡ್ಡ ಉಪಕಾರದಂತೆ ಕಂಡಿತು. ಪಾಲನೆಯಾಗದ ನಿಯಮದ ಗತಿ ಇದು. ಮುರಿದವರಿಗೆ ಶಿಕ್ಷೆಯಿಲ್ಲ, ದೂರು ಕೊಟ್ಟವರಿಗೆ ಗೈಡ್‌ನ ಭಯ.

ದುಡಿಮೆಯ ಗಂಟೆಗಳಿಗೆ ದೂರದ ನೀತಿಗಳೂ ಕೈ ಹಾಕುತ್ತವೆ. 2021ರ ನೀಟ್-ಪಿಜಿ ಕೋವಿಡ್‌ನಿಂದಾಗಿ ಸೆಪ್ಟೆಂಬರ್‌ಗೆ ಹೋಯಿತು. ಆಮೇಲೆ ಮೀಸಲಾತಿಯ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ ಕೌನ್ಸೆಲಿಂಗ್ ಶುರುವಾಗುವಾಗ 2022ರ ಜನವರಿ ಬಂದಿತ್ತು. ಅಷ್ಟೂ ತಿಂಗಳು ದೇಶದ ಬೋಧನಾ ಆಸ್ಪತ್ರೆಗಳಲ್ಲಿ ಮೊದಲ ವರ್ಷದ ಪಿಜಿಗಳೇ ಇರಲಿಲ್ಲ. ಮೂರು ಬ್ಯಾಚು ಮಾಡುವ ಕೆಲಸವನ್ನು ಎರಡು ಬ್ಯಾಚು ಹೊತ್ತವು. ಡಿಸೆಂಬರ್‌ನಲ್ಲಿ ದೆಹಲಿಯ ರೆಸಿಡೆಂಟ್ ವೈದ್ಯರು ಬೀದಿಗೆ ಬಂದದ್ದು ಇದಕ್ಕೇ. ಪರೀಕ್ಷೆಯ ದಿನಾಂಕ ನಿರ್ಧರಿಸುವವರಿಗೆ ತಮ್ಮ ಆದೇಶ ಯಾವುದೋ ಊರಿನ ಲೇಬರ್ ವಾರ್ಡಿನ ರಾತ್ರಿ ಪಾಳಿಯನ್ನು ಬದಲಿಸುತ್ತದೆಂಬ ಅರಿವು ಇದ್ದಂತೆ ಕಾಣಲಿಲ್ಲ.

ರೆಫರಲ್ ಚೀಟಿಯ ಮುಂದೆ

ಇನ್ನು ಆರೋಗ್ಯ ವಿಮೆಯ ಯೋಜನೆಗಳು. 2018ರಲ್ಲಿ ‘ಆರೋಗ್ಯ ಕರ್ನಾಟಕ’ ಆರಂಭವಾಗಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಮನೆ-ಜಮೀನು ಅಡವಿಟ್ಟು ಹೃದಯದ ಆಪರೇಷನ್ ಮಾಡಿಸಿದವರನ್ನು ಕಂಡ ಯಾರೂ ಇದನ್ನು ಸಣ್ಣದೆನ್ನಲಾರರು. ಯೋಜನೆಯ ನಿಯಮದಂತೆ ತುರ್ತು ಪ್ರಕರಣಗಳನ್ನು ಬಿಟ್ಟರೆ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಬರಬೇಕು. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ವೈದ್ಯರು ರೆಫರಲ್ ಬರೆದುಕೊಡಬೇಕು, ಆಗ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಗಳನ್ನು ಉಳಿಸಿಕೊಳ್ಳುವ ಉದ್ದೇಶ ಇದರ ಹಿಂದಿದೆ, ಅದು ಸರಿಯಾದದ್ದೇ.

ಈ ನಿಯಮ ತಾಲ್ಲೂಕು ಆಸ್ಪತ್ರೆಯ ಒಪಿಡಿಯಲ್ಲಿ ಹೇಗೆ ಕಾಣುತ್ತದೆ ನೋಡಿ. ಬಾಗಿಲ ಹೊರಗೆ ನೂರಕ್ಕೂ ಹೆಚ್ಚು ಜನ ಚೀಟಿ ಹಿಡಿದು ನಿಂತಿದ್ದಾರೆ. ತಾಯಿಯ ತೋಳು ಹಿಡಿದ ಮಗ ಮೇಜಿನ ಮುಂದೆ ಬಂದು ಕೇಳುತ್ತಾನೆ: ‘ಮೇಡಂ, ಒಂದು ರೆಫರಲ್ ಬರ್ಕೊಟ್ಬಿಡಿ, ಮೈಸೂರಿಗೆ ಕರ್ಕೊಂಡ್ ಹೋಗ್ತೀವಿ.’ ಆ ಶಸ್ತ್ರಚಿಕಿತ್ಸೆ ಇಲ್ಲೇ ಆಗಬೇಕೆಂದು ಪಟ್ಟಿ ಹೇಳುತ್ತದೆ. ಅರಿವಳಿಕೆ ವೈದ್ಯರ ಹುದ್ದೆ ಖಾಲಿಯಿದೆಯೆಂದು ಪಟ್ಟಿ ಹೇಳುವುದಿಲ್ಲ. ಬರೆದುಕೊಟ್ಟರೆ ‘ಖಾಸಗಿಯವರಿಗೆ ರೋಗಿಗಳನ್ನು ಸಾಗಹಾಕುತ್ತಿದ್ದೀರಾ’ ಎಂದು ಮೇಲಿನಿಂದ ನೋಟಿಸ್. ಬರೆಯದಿದ್ದರೆ ‘ದುಡ್ಡು ಕೇಳ್ತಾವ್ಳೆ’ ಎಂದು ಸಾಲಿನಲ್ಲಿ ಗುಸುಗುಸು. ಸರ್ಕಾರ ಫಲಕದ ಮೇಲೆ ಬರೆಸಿದ ಭರವಸೆಗೆ ಉತ್ತರ ಕೊಡಬೇಕಾದವರು, ಆ ಭರವಸೆಯ ಒಂದು ಸಾಲನ್ನೂ ಬರೆಯದ ಈ ವೈದ್ಯೆ. ಖಾಸಗಿ ಆಸ್ಪತ್ರೆಯಲ್ಲಿ ಇದೇ ಇಕ್ಕಟ್ಟಿಗೆ ಬೇರೆ ವೇಷ. ಚಿಕಿತ್ಸೆಯ ಪೂರ್ವಾನುಮತಿಗಾಗಿ ‘ಪ್ರಿ-ಆಥ್ ಬಂತಾ?’ ಎಂದು ಕಾಯುವುದು, ಪ್ಯಾಕೇಜ್ ದರಕ್ಕೆ ತಕ್ಕಂತೆ ಚಿಕಿತ್ಸೆಯನ್ನು ಹೊಂದಿಸುವುದು, ಬಾಕಿ ಬಿಲ್ ಬಗ್ಗೆ ಆಡಳಿತ ಮಂಡಳಿಯ ಕಿರಿಕಿರಿ.

ಅಮೆರಿಕದ ವೈದ್ಯರಾದ ವೆಂಡಿ ಡೀನ್ ಮತ್ತು ಸೈಮನ್ ಟಾಲ್ಬಟ್ 2018ರಲ್ಲಿ ಇಂಥ ಸ್ಥಿತಿಯನ್ನು ‘ನೈತಿಕ ಗಾಯ’ ಎಂದು ಕರೆಯಬೇಕೆಂದು ವಾದಿಸಿದರು. ಯಾವುದು ಸರಿಯೆಂದು ಗೊತ್ತಿದ್ದೂ ವ್ಯವಸ್ಥೆ ಮಾಡಲು ಬಿಡದಿದ್ದಾಗ ಆಗುವ ನೋವು ಇದು. ವಿಶ್ರಾಂತಿಯಿಂದ ದಣಿವು ಹೋದೀತು, ಈ ನೋವು ಹೋಗದು.

ಪೋರ್ಟಲ್‌ಗಳ ಕಾಲ

ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ವ್ಯಾಪ್ತಿಯಲ್ಲಿ ಬಯಲು ಸೀಮೆಯಾದರೆ ಸುಮಾರು 30,000, ಗುಡ್ಡಗಾಡಾದರೆ 20,000 ಜನರಿರಬೇಕೆಂಬುದು ಮಾನದಂಡ. ಅಲ್ಲಿನ ವೈದ್ಯಾಧಿಕಾರಿಯ ಹೆಗಲ ಮೇಲೆ ಒಪಿಡಿಯ ಜೊತೆಗೆ ಲಸಿಕೆ, ಹೆರಿಗೆ, ಕ್ಷಯ, ಡೆಂಗಿ, ಮಧುಮೇಹ-ರಕ್ತದೊತ್ತಡದ ತಪಾಸಣೆ, ಶಾಲಾ ಭೇಟಿ, ಜಾತ್ರೆಯ ಬಂದೋಬಸ್ತು ಎಲ್ಲವೂ ಇವೆ. ಪ್ರತಿ ಕಾರ್ಯಕ್ರಮವೂ ತನ್ನದೇ ಪೋರ್ಟಲ್ ಹೊತ್ತು ಬಂದಿದೆ: ಎಚ್‌ಎಂಐಎಸ್, ಆರ್‌ಸಿಎಚ್, ನಿಕ್ಷಯ್, ಐಎಚ್‌ಐಪಿ, ಯು-ವಿನ್. ಒಂದೇ ಗರ್ಭಿಣಿಯ ವಿವರವನ್ನು ರಿಜಿಸ್ಟರಿನಲ್ಲೂ ಬರೆದು ಪೋರ್ಟಲ್‌ಗೂ ತುಂಬಬೇಕು. ಸರ್ವರ್ ಕೈಕೊಟ್ಟರೆ ರಾತ್ರಿ ಹತ್ತರ ಮೇಲೆ ಮನೆಯಿಂದ ತುಂಬಬೇಕು. ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಪೆಂಡಿಂಗ್ ಪಿಎಚ್‌ಸಿ’ಗಳ ಕೆಂಪು ಪಟ್ಟಿ ಬೀಳುವುದು ಎಲ್ಲರೆದುರೇ.

ಇದು ಭಾರತದ್ದಷ್ಟೇ ಕಥೆಯಲ್ಲ. ಅಮೆರಿಕದಲ್ಲಿ ಕ್ರಿಸ್ಟೀನ್ ಸಿನ್ಸ್ಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಮುಂದೆ ಕಳೆದ ಒಂದು ಗಂಟೆಗೆ ವೈದ್ಯರು ಸುಮಾರು ಎರಡು ಗಂಟೆಯನ್ನು ಕಂಪ್ಯೂಟರ್ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಕೊಡುತ್ತಿದ್ದುದು ಕಂಡುಬಂತು. ದಾಖಲೆ ಬೇಡವೆನ್ನುವವರು ಯಾರೂ ಇಲ್ಲ. ನಿಕ್ಷಯ್‌ನಂಥ ವ್ಯವಸ್ಥೆಯಿಂದಾಗಿಯೇ ಊರು ಬಿಟ್ಟು ಹೋದ ಕ್ಷಯರೋಗಿಯ ಜಾಡು ಹಿಡಿಯಲು ಸಾಧ್ಯವಾಗುತ್ತದೆ. ತಕರಾರಿರುವುದು ಇಷ್ಟಕ್ಕೆ: ಹೊಸ ಪೋರ್ಟಲ್ ಬಂದಾಗ ಹಳೆಯ ರಿಜಿಸ್ಟರ್ ಹೋಗುವುದಿಲ್ಲ, ಡೇಟಾ ಎಂಟ್ರಿ ಆಪರೇಟರ್ ಬರುವುದಿಲ್ಲ.

ಕಾನೂನು ಮತ್ತು ಭಯ

1995ರಲ್ಲಿ ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ ವೈದ್ಯರ ಸೇವೆಯನ್ನು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ತಂದಿತು. 2005ರ ಜೇಕಬ್ ಮ್ಯಾಥ್ಯೂ ತೀರ್ಪು, ತೀವ್ರ ನಿರ್ಲಕ್ಷ್ಯವಿದ್ದರೆ ಮಾತ್ರ ಕ್ರಿಮಿನಲ್ ಮೊಕದ್ದಮೆ ಎಂದು ಗೆರೆ ಎಳೆದು, ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕೆಂದಿತು. ಆದರೆ ಗೆರೆ ಇರುವುದು ತೀರ್ಪಿನಲ್ಲಿ, ಜನ ಗುಂಪುಗೂಡುವುದು ಠಾಣೆಯ ಮುಂದೆ. 2022ರ ಮಾರ್ಚ್‌ನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಬಾಣಂತಿಯೊಬ್ಬರು ಹೆರಿಗೆಯ ನಂತರದ ರಕ್ತಸ್ರಾವದಿಂದ ತೀರಿಕೊಂಡಾಗ ವೈದ್ಯೆಯ ಮೇಲೆ ಕೊಲೆ ಪ್ರಕರಣವೇ ದಾಖಲಾಯಿತು. ಮರುದಿನ ಆಕೆ ಬದುಕು ಮುಗಿಸಿಕೊಂಡರು. ಹೆರಿಗೆ ಮಾಡಿಸುವ ಪ್ರತಿಯೊಬ್ಬ ವೈದ್ಯರ ಎದೆಗೂ ತಾಗಿದ ಸುದ್ದಿ ಅದು.

ಹಲ್ಲೆಯ ಭಯ ಇದರ ಜೊತೆಗೇ ಬೆಳೆದಿದೆ. ಕರ್ನಾಟಕ 2009ರಲ್ಲೇ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು ಕಾಯ್ದೆ ಮಾಡಿತು. 2020ರಲ್ಲಿ ಕೇಂದ್ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದು, ತೀವ್ರ ಗಾಯ ಮಾಡಿದವರಿಗೆ ಏಳು ವರ್ಷದವರೆಗೆ ಶಿಕ್ಷೆ ನಿಗದಿಮಾಡಿತು. ಅದು ಸಾಂಕ್ರಾಮಿಕದ ಕಾಲಕ್ಕಷ್ಟೇ ಅನ್ವಯ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಂತರ ದೇಶ ಒಂದು ಸರಳ ಸಂಗತಿಯನ್ನು ಕಂಡುಕೊಂಡಿತು. ರಾತ್ರಿ ಪಾಳಿಯ ವೈದ್ಯೆಗೆ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಲು ಒಂದು ಕೋಣೆಯಿಲ್ಲ. ಶಿಕ್ಷೆ ಹೆಚ್ಚಿಸಲು ಒಂದು ತಿದ್ದುಪಡಿ ಸಾಕು. ಕೋಣೆಗೆ ಅನುದಾನ ಬೇಕು, ಕಾರಿಡಾರಿಗೆ ದೀಪ ಬೇಕು, ಗೇಟಿನಲ್ಲಿ ಜನ ಬೇಕು.

ರೋಗಿಯ ಪಕ್ಷ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ವೈದ್ಯರ ಒತ್ತಡವನ್ನು ಮುಂದಿಟ್ಟುಕೊಂಡು ನಿಯಂತ್ರಣವೇ ಬೇಡವೆನ್ನುವ ವಾದವೂ ನಮ್ಮಲ್ಲಿ ಜೋರಾಗಿದೆ. 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿ ಬೆಳಗಾವಿ ಅಧಿವೇಶನದತ್ತ ನಡೆದರು. ಜೈಲು ಶಿಕ್ಷೆಯ ಭಯ ಅವರಿಗಿತ್ತು, ಅದು ಅಸಹಜವೂ ಅಲ್ಲ. ಆದರೆ ಅದೇ ಮಸೂದೆಯಲ್ಲಿ ರೋಗಿಗಳ ಹಕ್ಕುಗಳ ಸನ್ನದು ಇತ್ತು, ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯಬಾರದೆಂಬ ನಿಯಮ ಇತ್ತು. ಇದರಿಂದ ಯಾವ ವೈದ್ಯರ ನೆಮ್ಮದಿ ಕೆಡಬೇಕು? ಶವ ತಡೆಯುವ ನಿರ್ಧಾರ ಬಿಲ್ಲಿಂಗ್ ಕೌಂಟರಿನದು, ಅದರ ಶಾಪ ಹೊರುವವರು ವಾರ್ಡಿನ ಡ್ಯೂಟಿ ಡಾಕ್ಟರ್. ಒಳ್ಳೆಯ ನಿಯಂತ್ರಣ ಆ ಡ್ಯೂಟಿ ಡಾಕ್ಟರನ್ನೂ ಕಾಯುತ್ತದೆ.

ವೈದ್ಯರೆಲ್ಲ ಒಂದೇ ವರ್ಗವಲ್ಲ ಎಂಬುದೂ ಇಲ್ಲಿ ಮುಖ್ಯ. ಆಸ್ಪತ್ರೆಯ ಮಾಲೀಕರ ಚಿಂತೆ ಬೇರೆ, ಅಲ್ಲಿ ಸಂಬಳಕ್ಕಿರುವ ಎಂಬಿಬಿಎಸ್ ವೈದ್ಯರ ಚಿಂತೆ ಬೇರೆ, ವರ್ಷ ವರ್ಷ ಗುತ್ತಿಗೆ ನವೀಕರಣಕ್ಕೆ ಕಾಯುವ ವೈದ್ಯಾಧಿಕಾರಿಯದು ಇನ್ನೂ ಬೇರೆ. ಮುಷ್ಕರದ ವೇದಿಕೆಯಲ್ಲಿ ದೊಡ್ಡದಾಗಿ ಕೇಳಿಸುವುದು ಮೊದಲಿನವರ ದನಿ. ಸರ್ಕಾರ ಮಾತುಕತೆಗೆ ಕರೆಯುವುದೂ ಸಾಮಾನ್ಯವಾಗಿ ಅವರನ್ನೇ.

ಇಂದು ಆದೇಶ, ನಾಳೆ ತಡೆ

ನೀತಿ ಕಠಿಣವಾಗಿದ್ದರೂ ಸ್ಥಿರವಾಗಿದ್ದರೆ ಜನ ಹೊಂದಿಕೊಳ್ಳುತ್ತಾರೆ. ನಮ್ಮಲ್ಲಿ ಕೊರತೆ ಇರುವುದು ಆ ಸ್ಥಿರತೆಗೆ. ಎಂಬಿಬಿಎಸ್ ಮುಗಿಸುವವರಿಗೆ ‘ನೆಕ್ಸ್ಟ್’ ಪರೀಕ್ಷೆ ಬರುತ್ತದೆಂದು 2019ರ ಕಾಯ್ದೆ ಹೇಳಿತು. 2023ರಲ್ಲಿ ಅದು ಇನ್ನೇನು ಬಂತು ಎನ್ನುವಾಗ ಮುಂದೂಡಿಕೆಯಾಯಿತು. ಜೆನರಿಕ್ ಹೆಸರಿನಲ್ಲೇ ಔಷಧ ಬರೆಯಬೇಕೆಂಬ ಅಂಶವಿದ್ದ ವೃತ್ತಿ ನಿಯಮಾವಳಿ 2023ರ ಆಗಸ್ಟ್ 2ರಂದು ಹೊರಬಿತ್ತು, ಅದೇ ತಿಂಗಳ 23ರಂದು ತಡೆಹಿಡಿಯಲ್ಪಟ್ಟಿತು. 2024ರ ನೀಟ್-ಪಿಜಿ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದಾಗ ಎಷ್ಟೋ ಮಂದಿ ದೂರದ ಪರೀಕ್ಷಾ ಕೇಂದ್ರದ ಊರಿಗೆ ಆಗಲೇ ತಲುಪಿದ್ದರು. ಕರ್ನಾಟಕದ ಕಡ್ಡಾಯ ಗ್ರಾಮೀಣ ಸೇವೆಯ ಕಥೆಯೂ ಹೀಗೇ. 2012ರ ಕಾಯ್ದೆ, ವರ್ಷಗಟ್ಟಲೆ ಹೈಕೋರ್ಟಿನಲ್ಲಿ ವ್ಯಾಜ್ಯ, ಕೊನೆಗೆ ಖಾಲಿ ಹುದ್ದೆಗಳಿಗಿಂತ ಅಭ್ಯರ್ಥಿಗಳೇ ಹೆಚ್ಚಾದರೆಂದು 2023ರಲ್ಲಿ ಸಡಿಲಿಕೆ. ಹಳ್ಳಿಗೆ ಹೋಗಲು ಸಿದ್ಧರಿದ್ದವರೂ ಪೋಸ್ಟಿಂಗ್ ಯಾವಾಗ, ಎಲ್ಲಿ ಎಂದು ತಿಳಿಯದೆ ಕಾಯಬೇಕಾಯಿತು. ಈ ನಡುವೆ ಎಂಬಿಬಿಎಸ್ ಸೀಟುಗಳು 2014ರಲ್ಲಿ ಸುಮಾರು 51 ಸಾವಿರ ಇದ್ದದ್ದು ದಶಕದೊಳಗೆ ಲಕ್ಷ ದಾಟಿವೆ. ಸೀಟು ಘೋಷಿಸಿದಷ್ಟು ಬೇಗ ಬೋಧಕರು ತಯಾರಾಗುವುದಿಲ್ಲ.

ಯಾವ ಮದ್ದು ನಾಟುತ್ತದೆ?

ಪರಿಹಾರದ ಹೆಸರಿನಲ್ಲಿ ಸಂಸ್ಥೆಗಳು ಮೊದಲು ಮಾಡುವುದು ಯೋಗ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸ. ತಪ್ಪೇನಿಲ್ಲ, ಸ್ವಲ್ಪ ಉಪಯೋಗವೂ ಇದೆ. 2016ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ನಾನಾ ಬಗೆಯ ಕ್ರಮಗಳಿಂದ ಬರ್ನ್‌ಔಟ್ ಪ್ರಮಾಣ ಶೇ 54ರಿಂದ 44ಕ್ಕೆ ಇಳಿದಿತ್ತು. ಮರುವರ್ಷ ಮರಿಯಾ ಪನಾಗಿಯೋಟಿ ಮತ್ತು ಸಂಗಡಿಗರು 19 ಅಧ್ಯಯನಗಳನ್ನು ತೂಗಿ ನೋಡಿದಾಗ ಫಲ ಹೆಚ್ಚು ಕಂಡದ್ದು ವೈದ್ಯರನ್ನು ಬದಲಿಸಲು ಹೋದ ಕಡೆ ಅಲ್ಲ, ಕೆಲಸದ ಏರ್ಪಾಡನ್ನು ಬದಲಿಸಿದ ಕಡೆ.

ಗಂಟೆಗಳ ಮಿತಿಯ ಪಾಠವೂ ಕಲಿಯುವಂಥದ್ದು. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಲಿಬ್ಬಿ ಜಯಾನ್ ಎಂಬ 18ರ ಯುವತಿ ತೀರಿಕೊಂಡಾಗ ಎದ್ದ ಚರ್ಚೆ, 2003ರಲ್ಲಿ ಅಮೆರಿಕದಾದ್ಯಂತ ರೆಸಿಡೆಂಟ್‌ಗಳಿಗೆ ವಾರಕ್ಕೆ 80 ಗಂಟೆಯ ಮಿತಿ ತಂದಿತು. 2011ರಲ್ಲಿ ಮೊದಲ ವರ್ಷದವರಿಗೆ ಒಂದೇ ಸಮನೆ 16 ಗಂಟೆ ಮೀರಬಾರದೆಂದು ಬಿಗಿಮಾಡಿ, 2017ರಲ್ಲಿ ಅದನ್ನು ಮತ್ತೆ ಸಡಿಲಿಸಿದರು. ಗಂಟೆ ಇಳಿಸಿ ಕೆಲಸವನ್ನು ಅಷ್ಟೇ ಇಟ್ಟರೆ ಅದೇ ಹೊರೆಯನ್ನು ಕಡಿಮೆ ಹೊತ್ತಿನಲ್ಲಿ ಎಳೆಯಬೇಕಾಗುತ್ತದೆ. ಮಿತಿಯ ಜೊತೆ ಜನರನ್ನೂ ಕೊಡಬೇಕು.

ವೈದ್ಯರು ಸಹಾಯ ಕೇಳದಿರಲು ಇನ್ನೊಂದು ಕಾರಣ, ಸುದ್ದಿ ಹರಡಿದರೆ ರೋಗಿಗಳು ಏನೆಂದಾರು, ವಿಭಾಗದ ಮುಖ್ಯಸ್ಥರು ಏನೆಂದಾರು ಎಂಬ ಅಳುಕು. ಇಂಗ್ಲೆಂಡಿನಲ್ಲಿ ವೈದ್ಯರಿಗೆಂದೇ ಗೋಪ್ಯವಾಗಿ ಚಿಕಿತ್ಸೆ ಕೊಡುವ ಸೇವೆ 2008ರಲ್ಲಿ ಲಂಡನ್ನಿನಲ್ಲಿ ಶುರುವಾಗಿ 2019ರಲ್ಲಿ ಎಲ್ಲೆಡೆ ವಿಸ್ತರಿಸಿತು. ನಮ್ಮಲ್ಲಿ ನಿಮ್ಹಾನ್ಸ್ ಮುಂದಾಳತ್ವದ ಟೆಲಿ-ಮಾನಸ್ ಸಹಾಯವಾಣಿ (14416) 2022ರ ಅಕ್ಟೋಬರ್ 10ರಿಂದ ಎಲ್ಲರಿಗೂ ಲಭ್ಯವಿದೆ, ವೈದ್ಯರಿಗೂ ಕೂಡ.

ಇದು ವೈದ್ಯರ ಸುಖದ ಪ್ರಶ್ನೆ ಮಾತ್ರವಲ್ಲ. 170 ಅಧ್ಯಯನಗಳನ್ನು ಕಲೆಹಾಕಿ 2022ರಲ್ಲಿ ‘ಬಿಎಂಜೆ’ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬರ್ನ್‌ಔಟ್‌ಗೆ ಒಳಗಾದ ವೈದ್ಯರಲ್ಲಿ ರೋಗಿಯ ಸುರಕ್ಷತೆಗೆ ಧಕ್ಕೆ ತರುವ ಘಟನೆಗಳ ಸಂಭವ ಇಮ್ಮಡಿ ಇತ್ತು.

ಶಾಸನಸಭೆಗೆ ಬರುವ ಮಸೂದೆಗೆ ಖಜಾನೆಯಿಂದ ಹಣ ಬೇಕಿದ್ದರೆ ಅದರೊಂದಿಗೆ ಆರ್ಥಿಕ ಜ್ಞಾಪನ ಇರಬೇಕೆಂಬುದು ನಿಯಮ. ಆರೋಗ್ಯದ ಪ್ರತಿ ಹೊಸ ಆದೇಶಕ್ಕೂ ಅಂಥದೇ ಇನ್ನೊಂದು ಪುಟ ಸೇರಲಿ: ಈ ಕೆಲಸ ಮಾಡುವವರು ಯಾರು, ದಿನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಆ ಹೊತ್ತಿಗಾಗಿ ಯಾವ ಹಳೆಯ ಕೆಲಸವನ್ನು ಕೈಬಿಡಲಾಗಿದೆ, ಹುದ್ದೆ ಖಾಲಿಯಿದ್ದರೆ ಉತ್ತರ ಹೇಳಬೇಕಾದವರು ಯಾರು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಆ ಪುಟದ ಕೊನೆಯ ಕಾಲಂ ಭರ್ತಿ ಮಾಡಲು ಆಗದ ಆದೇಶವನ್ನು ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ಇಡುವ ಹಕ್ಕು ಯಾವ ಸರ್ಕಾರಕ್ಕೂ ಇರಬಾರದು.